ಊರಿನ ಹುಡುಗರನ್ನು ದುಬೈಗೆ ಕರೆದೊಯ್ಯುವ ಮುನ್ನ

ಪ್ರಶ್ನೆ: ನಾನು ಕಾಪುವಿನವನು. ಉಡುಪಿಯಲ್ಲಿ ನಮ್ಮದು ಹಳೆಯ ಸಸ್ಯಾಹಾರಿ ಹೋಟೆಲ್. ಈಗ ದುಬೈಯ ಕರಾಮಾದಲ್ಲಿ ಭಾವನ ಜೊತೆ ಪಾಲಿನಲ್ಲಿ ಇನ್ನೊಂದು ತೆರೆಯುತ್ತಿದ್ದೇವೆ. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಮಗಳು ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಇಲ್ಲಿಂದ ಇಬ್ಬರು ಸಪ್ಲೈಯರ್‌ಗಳನ್ನೂ ಕಾರ್ಕಳದ ದೋಸೆ ಮಾಸ್ಟರ್‌ನನ್ನೂ ಕರೆದೊಯ್ಯಬೇಕು. ಮಾಸ್ಟರ್ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ನನ್ನಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಭಾವ ಹೇಳುತ್ತಾರೆ: "ಮೊದಲು ವಿಸಿಟ್ ವೀಸಾದಲ್ಲಿ ಬರಲಿ. ಪಾಸ್‌ಪೋರ್ಟ್ ನಮ್ಮ ಕಪಾಟಿನಲ್ಲಿರಲಿ. ವೀಸಾದ ಖರ್ಚು ಸಂಬಳದಲ್ಲಿ ಮುರಿಯೋಣ. ಬ್ಯಾಂಕಿಗೆ ಹಾಕಿದ್ದರಲ್ಲಿ ಸ್ವಲ್ಪ ಕೈಯಲ್ಲಿ ವಾಪಸ್ ತೆಗೆದುಕೊಳ್ಳೋಣ. ಇಲ್ಲಿ ಎಲ್ಲರೂ ಹೀಗೇ." ಮಾಸ್ಟರ್‌ನ ತಾಯಿ ನನ್ನ ಮಾತು ನಂಬಿ ಮಗನನ್ನು ಕಳಿಸುತ್ತಿದ್ದಾರೆ. ನನಗೆ ಅಂಜಿಕೆಯಾಗುತ್ತಿದೆ. ಭಾವನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಅಂಜಿಕೆ ಸರಿಯಾಗಿದೆ. ಭಾವ ಹೇಳಿದ ನಾಲ್ಕು ಮಾತುಗಳಲ್ಲಿ ನಾಲ್ಕೂ ಅಲ್ಲಿನ ಕಾನೂನಿಗೆ ವಿರುದ್ಧ.

"ಎಲ್ಲರೂ ಹೀಗೇ" ಎಂಬ ಮಾತಿಗೆ ಒಂದು ಕಾಲವಿತ್ತು. ನಿಮ್ಮ ಕಾಪುವಿನವರೇ ಆದ ಉದ್ಯಮಿ ಬಿ.ಆರ್. ಶೆಟ್ಟಿಯವರು 1973ರಲ್ಲಿ ಅಬುಧಾಬಿಗೆ ಹೋದಾಗ ಇಡೀ ಯುಎಇಗೆ ಅನ್ವಯಿಸುವ ಕಾರ್ಮಿಕ ಕಾನೂನು ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1980ರಲ್ಲಿ. ಸಂಬಳ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಹೋಗಬೇಕು, ಸರ್ಕಾರಕ್ಕೆ ಅದು ಕಾಣಬೇಕು ಎಂಬ ವ್ಯವಸ್ಥೆ 2009ರಿಂದ ಇದೆ. ಹಳೆಯ ಕಾನೂನನ್ನು ತೆಗೆದು ಹಾಕಿದ 2021ರ ಹೊಸ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಭಾವನ ಅನುಭವ ದೊಡ್ಡದೇ ಇರಬಹುದು, ಆದರೆ ಅದು ಹಿಂದಿನ ದುಬೈಯದು.

ವಿಸಿಟ್ ವೀಸಾದ ಯೋಚನೆಯನ್ನು ಇವತ್ತೇ ಬಿಡಿ. ಪರ್ಮಿಟ್ ಇಲ್ಲದವನನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 2024ರ ತಿದ್ದುಪಡಿಯ ಪ್ರಕಾರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ. ಹೊಸ ಹೋಟೆಲು ಬಾಗಿಲು ತೆರೆಯುವ ಮೊದಲೇ ಮುಚ್ಚಲು ಅಷ್ಟು ಸಾಕು. ಇನ್ನು ನಿಮ್ಮ ಮಾಸ್ಟರ್ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಅಂಥವರ ಪಾಸ್‌ಪೋರ್ಟ್‌ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ವರ್ಗದ್ದು. 1983ರ ವಲಸೆ ಕಾಯ್ದೆಯಂತೆ ಅವನು ಗಲ್ಫ್‌ಗೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅದಕ್ಕೆ ನಿಮ್ಮ ದುಬೈ ಸಂಸ್ಥೆ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿಸಿಕೊಂಡು ಅಲ್ಲಿನ ಭಾರತೀಯ ಕಾನ್ಸುಲೇಟ್‌ನ ಅನುಮತಿ ಪಡೆಯಬೇಕು. ಇದು ಕಿರಿಕಿರಿಯ ಕೆಲಸ, ವಾರಗಳು ಹಿಡಿಯುತ್ತವೆ, ನಿಜ. ಆದರೆ ಈ ದಾರಿಯಲ್ಲಿ ಹೋದವನಿಗೆ ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಇರುತ್ತದೆ. ಪ್ರವಾಸಿಯ ಸೋಗಿನಲ್ಲಿ ಹೋದವನು ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡರೆ ಕೇಳುವವರೇ ಇಲ್ಲ.

ಪಾಸ್‌ಪೋರ್ಟ್ ಅವನ ಹತ್ತಿರವೇ ಇರಬೇಕು. ಅವನೇ "ಇಟ್ಟುಕೊಳ್ಳಿ ಧಣಿ" ಎಂದರೂ ಒಂದು ಬೀಗದ ಪೆಟ್ಟಿಗೆ ಕೊಟ್ಟು ಕೀಲಿಯನ್ನು ಅವನ ಕೈಗೇ ಕೊಡಿ. ವೀಸಾ, ಮೆಡಿಕಲ್ ಎಲ್ಲದರ ಖರ್ಚು ಮಾಲೀಕನದ್ದು. ನೇರವಾಗಿಯೂ ಸುತ್ತಿಬಳಸಿಯೂ ನೌಕರನಿಂದ ವಸೂಲು ಮಾಡುವಂತಿಲ್ಲ.

ನನಗೆ ಹೆಚ್ಚು ನೋವಾದದ್ದು ಬ್ಯಾಂಕಿಗೆ ಹಾಕಿ ವಾಪಸ್ ಪಡೆಯುವ ಮಾತು. ಅದು ಬಡವನ ಜೇಬಿಗೆ ಕೈ ಹಾಕುವುದೇ ಸರಿ. ಅವನು ಒಪ್ಪಿ ಸಹಿ ಹಾಕಿದ ಅನ್ನುವ ನೆಪ ನಿಲ್ಲುವುದಿಲ್ಲ. ಕಾನೂನು ಕೊಟ್ಟ ಹಕ್ಕನ್ನು ನೌಕರ ತಾನೇ ಬಿಟ್ಟುಕೊಟ್ಟರೂ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಮೋಸವಿದೆ, ಅದು ಕಾನೂನಿನ ಒಳಗೇ ನಡೆಯುತ್ತದೆ. ಒಟ್ಟು ಸಂಬಳ ಚೆನ್ನಾಗಿ ತೋರಿಸಿ ಬೇಸಿಕ್ ಮಾತ್ರ ಸಣ್ಣದು ಮಾಡುವುದು. ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮೇಲೆ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ. ಅನಂತರ 30 ದಿನದ್ದು. ಬೇಸಿಕ್ 1,200 ದಿರ್ಹಮ್ ಇದ್ದರೆ ಐದು ವರ್ಷಕ್ಕೆ 4,200 ಸಿಗುತ್ತದೆ. ಅದೇ ಸಂಬಳದಲ್ಲಿ ಬೇಸಿಕ್ 700 ಎಂದು ಬರೆದರೆ ಸಿಗುವುದು 2,450. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಬೇಸಿಕ್‌ನ ಅಂಕಿ ನೋಡಿದರೆ ಮಾಲೀಕ ಎಂಥವನೆಂದು ಗೊತ್ತಾಗುತ್ತದೆ.

ಹೋಟೆಲ್‌ನವರು ಎಡವುವ ಇನ್ನೊಂದು ಜಾಗ ಸಮಯ. ಬೆಳಗ್ಗೆ ಇಡ್ಲಿಗೆ ಎದ್ದವನೇ ರಾತ್ರಿ ಮಸಾಲೆ ದೋಸೆಗೂ ನಿಂತಿರುವುದು ಉಡುಪಿಯಲ್ಲಿ ನಡೆದುಹೋಗುತ್ತದೆ. ಅಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48. ಓವರ್‌ಟೈಮ್ ದಿನಕ್ಕೆ ಎರಡು ಗಂಟೆ ಮೀರಬಾರದು, ಅದಕ್ಕೆ ಕಾಲು ಭಾಗ ಹೆಚ್ಚು ದುಡ್ಡು, ರಾತ್ರಿ ಹತ್ತರ ನಂತರವಾದರೆ ಅರ್ಧ ಭಾಗ. ಹಾಗಾಗಿ ದೋಸೆ ಕಾವಲಿಗೆ ಇಬ್ಬರು ಬೇಕು, ಒಬ್ಬ ಸಾಲದು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ಅಷ್ಟು ಹಾಕಿದ ಮೇಲೆ ಲಾಭ ಕಾಣದಿದ್ದರೆ ಈ ಹೋಟೆಲ್ ತೆರೆಯಬೇಡಿ. ರಜೆ ವರ್ಷಕ್ಕೆ 30 ದಿನ. ಮಾಸ್ಟರ್ ಜನವರಿಯ ಅತ್ತೂರು ಹಬ್ಬಕ್ಕೆ ಊರಿಗೆ ಬರಬೇಕೆಂದರೆ ರಜೆಯ ಪಟ್ಟಿ ಮೊದಲೇ ಬರೆಯಲಿ, ಮಗಳಿಗೆ ಈ ಕೆಲಸ ಒಪ್ಪಿಸಿ.

ಹೊರಡುವ ಮುಂಚೆ ಉಡುಪಿಯ ಲೆಕ್ಕ ಮುಗಿಸಿ. ನಿಮ್ಮಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸದವರಿದ್ದರೆ ಹನ್ನೊಂದು ವರ್ಷ ದುಡಿದವನಿಗೆ ಇಲ್ಲಿನ ಗ್ರಾಚ್ಯುಟಿಯೂ ಬರಬೇಕು, ವರ್ಷಕ್ಕೆ 15 ದಿನದ ಸಂಬಳ. "ಅಲ್ಲಿಯೂ ನಮ್ಮದೇ ಹೋಟೆಲ್ ಅಲ್ವಾ" ಎಂದು ಮುಂದೂಡಬೇಡಿ. ಅದು ಬೇರೆ ಸಂಸ್ಥೆ, ಬೇರೆ ದೇಶ.

ಭಾವನ ಜೊತೆ ಜಗಳ ಬೇಡ. ಪಾಲುದಾರಿಕೆ ಪತ್ರದಲ್ಲೇ ಬರೆಸಿ: ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಿಲ್ಲ, ವೀಸಾ ಖರ್ಚು ಸಂಸ್ಥೆಯದ್ದು, ಸಂಬಳದ ಒಂದು ದಿರ್ಹಮ್ಮೂ ವಾಪಸ್ ಪಡೆಯುವುದಿಲ್ಲ. ಇದಕ್ಕೆ ಅವರು ಒಪ್ಪದಿದ್ದರೆ ಪಾಲನ್ನೇ ಬಿಡಿ. ಸಂಬಂಧ ಉಳಿಯುತ್ತದೆ.

ಆಫರ್ ಲೆಟರ್ ಬಂದಾಗ ಕಾರ್ಕಳಕ್ಕೆ ಹೋಗಿ ಮಾಸ್ಟರ್‌ಗೂ ಅವನ ತಾಯಿಗೂ ತುಳುವಿನಲ್ಲಿ ಓದಿ ಹೇಳಿ, ಒಂದು ಪ್ರತಿ ಆ ಮನೆಯಲ್ಲೇ ಇರಲಿ. ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರು 800 46342. ಅದನ್ನು ಅವನ ಫೋನಿನಲ್ಲಿ ನೀವೇ ಸೇವ್ ಮಾಡಿ ಕೊಡಿ. ನಿಮ್ಮ ಮೇಲೇ ದೂರು ಹೇಳಬೇಕಾಗಿ ಬಂದರೂ ಕರೆ ಮಾಡುವುದು ಅಲ್ಲಿಗೇ ಎಂದು ಅವನಿಗೆ ತಿಳಿಸಿ.