ಮಗಳ ಹೃದಯದ ರಂಧ್ರಕ್ಕೆ ಪ್ರತಿಸಲ ಬೆಂಗಳೂರೇ?

ತಂಗಿ, ತಪಾಸಣೆಗೆಂದು ಪ್ರತಿ ತಿಂಗಳು ಮೂರು ವರ್ಷದ ಕೂಸನ್ನು ಮಸ್ಕಿಯಿಂದ ರಾತ್ರಿ ಬಸ್ಸಿಗೆ ಹತ್ತಿಸಬೇಕಾಗಿಲ್ಲ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ. ಬೇಕಿರುವುದು ತಪ್ಪದ ನಿಗಾ.

ಅಂಗನವಾಡಿಗೆ ಬಂದು ದೋಷ ಗುರುತಿಸಿದ ತಂಡ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ, ಹಾಗಾಗಿ ಆ ತಂಡದ ಬೆನ್ನು ಬಿಡಬೇಡಿ. ತೂಕ, ಔಷಧದ ಪ್ರಮಾಣ ನೋಡಲು ಲಿಂಗಸುಗೂರು ಇಲ್ಲವೇ ರಾಯಚೂರಿನ ಮಕ್ಕಳ ವೈದ್ಯರು ಸಾಕು. ಹೃದಯದ ಎಕೋ ಪರೀಕ್ಷೆಗೆ ಕಲಬುರಗಿಯ ಜಯದೇವ ಆಸ್ಪತ್ರೆ ಹತ್ತಿರ. ಮಕ್ಕಳನ್ನು ನೋಡುವ ದಿನ ಕೇಳಿಕೊಂಡೇ ಹೊರಡಿ.

ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಮಾತಾಡಬಹುದು, ಎದೆಬಡಿತ ಕೇಳಿಸಲಾಗದು. ಮಗು ಮಲಗಿದಾಗ ಅಂಗಿ ಮೇಲೆತ್ತಿ, ಒಂದು ನಿಮಿಷ ಉಸಿರು ಎಣಿಸಿ. 40 ಮುಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ ವಿಡಿಯೊ ಕಳಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಊರಿನಿಂದ ಬೆಂಗಳೂರಿನವರೆಗಿನ ವೈದ್ಯರ ಈ ಜಾಲ ಹರಿಯುವುದು ಕಾಗದಪತ್ರದ ಹತ್ತಿರ. ಬೆಂಗಳೂರಿನ ವರದಿ ತಾನಾಗಿ ಮಸ್ಕಿಗೆ ಬರುವುದಿಲ್ಲ. ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಯಿಂದ ಮುಂದೆ ಅದೂ ಆದೀತು, ಸಂಖ್ಯೆ ಮಾಡಿಸಿಡಿ. ಸದ್ಯಕ್ಕೆ, ಬೆಂಗಳೂರಿನ ಮುಂದಿನ ಭೇಟಿಯಲ್ಲಿ ಊರಿನ ವೈದ್ಯರ ಹೆಸರಿಗೆ ಒಂದು ಪತ್ರ ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ.