ಯಕೃತ್ತಿನ ಕ್ಯಾನ್ಸರ್ ಮರಳಿ ಬಾರದಂತೆ ವಿಟಮಿನ್ ಎ ತಡೆಯುತ್ತದಾ?

ಕಾಪುವಿನ ನಮ್ಮ ಗೆಳೆಯನೊಬ್ಬನ ಮಾವನಿಗೆ ಮಣಿಪಾಲದಲ್ಲಿ ಆಪರೇಷನ್ ಆಯ್ತು. ಯಕೃತ್ತಿನ, ಅಂದ್ರೆ ಲಿವರ್‌ನ, ಗಡ್ಡೆ ತೆಗೆದರು. ಈಗ ಮನೆಯಲ್ಲಿ ಒಂದೇ ಪ್ರಶ್ನೆ: "ವಿಟಮಿನ್ ಎ ಮಾತ್ರೆ ತಗೊಂಡ್ರೆ ಮತ್ತೆ ಬರುದಿಲ್ವಂತೆ, ಹೌದಾ ಮಾರಾಯಾ?" ಈ ಮಾತಿನ ಮೂಲ ಎಲ್ಲಿ ಉಂಟು ಅಂತ ನಾವು ಹುಡುಕಿದೆವು.

ಮೊದಲಿಗೆ, ತೆಗೆದ ಗಡ್ಡೆ ಮರಳುವುದೇಕೆ? ಹೆಪಟೈಟಿಸ್ ಬಿ, ಸಿ ವೈರಸ್ ಅಥವಾ ಮದ್ಯದಿಂದ ವರ್ಷಗಟ್ಟಲೆ ಹಾಳಾದ ಯಕೃತ್ತು ಹಾಗೆಯೇ ಉಳಿದಿರುತ್ತದೆ. ಹಳೆಯ ಕೋಶಗಳು ಮತ್ತೆ ಬೆಳೆಯಬಹುದು, ಬೇರೆ ಜಾಗದಲ್ಲಿ ಹೊಸ ಗಡ್ಡೆಯೂ ಹುಟ್ಟಬಹುದು. ಒಡೆದ ಹೆಂಚು ಬದಲಾಯಿಸಿದರೆ ಗೆದ್ದಲು ಹಿಡಿದ ಪಕ್ಕಾಸು ಸರಿಯಾಗುವುದಿಲ್ಲವಲ್ಲ!

ನಮ್ಮ ದೇಹದ ವಿಟಮಿನ್ ಎ ಬಹುಪಾಲು ಸಂಗ್ರಹವಾಗುವುದು ಯಕೃತ್ತಿನಲ್ಲೇ. ಅದರಿಂದ ತಯಾರಾಗುವ ರೆಟಿನಾಯಿಕ್ ಆಮ್ಲ, ಕೋಶದ ಬೆಳವಣಿಗೆಯ ಜೀನ್‌ಗಳನ್ನು ಗ್ರಾಹಕ ಪ್ರೋಟೀನ್‌ಗಳ ಮೂಲಕ ಆನ್-ಆಫ್ ಮಾಡುತ್ತದೆ. ಈ ಕ್ಯಾನ್ಸರ್‌ನಲ್ಲಿ ಆರ್‌ಎಕ್ಸ್‌ಆರ್-ಆಲ್ಫಾ ಎಂಬ ಗ್ರಾಹಕಕ್ಕೆ ಫಾಸ್ಫೇಟ್ ಅಂಟಿ, ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಇಲೆಕ್ಟ್ರಾನಿಕ್ಸ್‌ನವರ ಭಾಷೆಯಲ್ಲಿ, ರಿಸೀವರೇ ಕೆಟ್ಟಿದೆ; ಸಿಗ್ನಲ್ ಹೆಚ್ಚಿಸಿ ಏನು ಪ್ರಯೋಜನ?

ಜಪಾನಿನ ಗಿಫು ವಿಶ್ವವಿದ್ಯಾಲಯದ ಮುಟೊ, ಮೊರಿವಾಕಿ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ರೆಟಿನಾಯಿಕ್ ಆಮ್ಲದಂತೆ 20 ಇಂಗಾಲದ, ಆದರೆ ಉಂಗುರವಿಲ್ಲದ ಅಣು ಪೆರೆಟಿನೊಯಿನ್. ಅದು ಆ ಫಾಸ್ಫೇಟ್ ಅಂಟುವುದನ್ನು ತಡೆಯುತ್ತದೆ. 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕಿತ್ಸೆ ಮುಗಿದ 89 ರೋಗಿಗಳಲ್ಲಿ 44 ಮಂದಿಗೆ ದಿನಕ್ಕೆ 600 ಮಿ.ಗ್ರಾಂನಂತೆ ಒಂದು ವರ್ಷ ಈ ಔಷಧಿ, 45 ಮಂದಿಗೆ ಔಷಧಿಯಿಲ್ಲದ ಹುಸಿಮಾತ್ರೆ. ಸುಮಾರು 38 ತಿಂಗಳ ನಿಗಾದಲ್ಲಿ ಗಡ್ಡೆ ಕಂಡದ್ದು ಕ್ರಮವಾಗಿ 12 ಮತ್ತು 22 ಮಂದಿಗೆ. ಅಂದರೆ 27% ಮತ್ತು 49%.

ಖುಷಿಪಡುವ ಮುನ್ನ ಸ್ಯಾಂಪಲ್ ಗಾತ್ರ ನೋಡಿ. ಮುಂದೆ ಹೆಪಟೈಟಿಸ್ ಸಿ ಇದ್ದ 401 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 600 ಮಿ.ಗ್ರಾಂ ಗುಂಪಿನಲ್ಲಿ ಒಳ್ಳೆಯ ಸೂಚನೆ ಇತ್ತು, ಆದರೆ ಮುಖ್ಯ ಗುರಿ ಸಾಬೀತಾಗಲಿಲ್ಲ.

ಹಾಗಾಗಿ ಗೆಳೆಯನಿಗೆ ನಾವು ಹೇಳಿದ್ದು: ಪೆರೆಟಿನೊಯಿನ್ ಬೇರೆ, ಅಂಗಡಿಯ ವಿಟಮಿನ್ ಎ ಮಾತ್ರೆ ಬೇರೆ. ವಿಟಮಿನ್ ಎ ಅತಿಯಾದರೆ ಯಕೃತ್ತಿಗೇ ಹಾನಿ. ಊಟದಲ್ಲಿ ಹರಿವೆ, ನುಗ್ಗೆಸೊಪ್ಪು ಇರಲಿ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬೇಡ. ಸ್ಕ್ಯಾನ್ ತಪ್ಪಿಸಬೇಡಿ, ವೈರಸ್ ಇದ್ದರೆ ಅದರ ಔಷಧಿ ಬಿಡಬೇಡಿ. ಇನ್ನು ನಾವು, ನೀವು? ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ಇವತ್ತೇ ಮನೆಗೆ ಫೋನ್ ಮಾಡಿ ಕೇಳೋಣ.