ಕಿವಿಯ ಕೆಳಗಿನ ಗಂಟು: ಹುಟ್ಟು ಒಂದೇ, ರೂಪ ಹಲವು



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ನಲವತ್ತು ದಾಟಿದ ಒಬ್ಬ ಸದಸ್ಯೆ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದು ಕೂತಿದ್ದರು. ಸಭೆ ಮುಗಿದ ಮೇಲೆ ಮೆಲ್ಲಗೆ ಸೆರಗು ಸರಿಸಿ ತೋರಿಸಿದರು. ಕಿವಿಯ ಹಾಲೆಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು. "ಆರು ವರ್ಷ ಆಯ್ತು ಸಿಸ್ಟರ್. ನೋವಿಲ್ಲ. ಮಂಗನಬಾವು ಅಂತ ಸುಣ್ಣ ಹಚ್ಚಿದೆ, ಹೋಗಲಿಲ್ಲ" ಅಂದರು.

ಆಸ್ಪತ್ರೆಯಲ್ಲಿ ಸೂಜಿ ಪರೀಕ್ಷೆ ಆಯಿತು. ವರದಿಯಲ್ಲಿ ‘ಪ್ಲಿಯೋಮಾರ್ಫಿಕ್ ಅಡಿನೋಮಾ’ ಅಂತ ಬರೆದಿತ್ತು. "ಇದು ಮಿಶ್ರ ಗಂಟು. ಕ್ಯಾನ್ಸರ್ ಅಲ್ಲ, ಆದರೆ ತೆಗೆಸಬೇಕು" ಅಂದರು ವೈದ್ಯರು. "ಕ್ಯಾನ್ಸರ್ ಅಲ್ಲ ಅಂದ ಮೇಲೆ ಯಾಕೆ ತೆಗೆಸಬೇಕು?" ಎಂದು ಆ ಸಹೋದರಿ ಕೇಳಿದರು. ಒಳ್ಳೆಯ ಪ್ರಶ್ನೆ. ಇದೇ ಈ ಸಲದ ನಮ್ಮ ಪಾಠ.

ಜೊಲ್ಲು ಎಲ್ಲಿಂದ ಬರುತ್ತದೆ?

ನಮ್ಮ ಬಾಯಿಗೆ ಜೊಲ್ಲು ಕೊಡುವ ದೊಡ್ಡ ಗ್ರಂಥಿಗಳು ಮೂರು ಜೋಡಿ. ಒಂದು ಕಿವಿಯ ಮುಂದೆ ಮತ್ತು ಕೆಳಗೆ, ಇನ್ನೊಂದು ದವಡೆಯ ಕೆಳಗೆ, ಮತ್ತೊಂದು ನಾಲಿಗೆಯ ಕೆಳಗೆ. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳಗಳಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಗ್ರಂಥಿಯ ಒಳಗೆ ಎರಡು ಬಗೆಯ ಕೋಶಗಳು ಜೊತೆಯಲ್ಲಿ ಕೆಲಸ ಮಾಡುತ್ತವೆ. ಒಂದು ಬಗೆಯವು ಜೊಲ್ಲು ತಯಾರಿಸಿ ನಾಳಕ್ಕೆ ಬಿಡುತ್ತವೆ. ಇನ್ನೊಂದು ಬಗೆಯವು ಅವನ್ನು ಹೊರಗಿನಿಂದ ತಬ್ಬಿಕೊಂಡು, ಕೆಚ್ಚಲು ಹಿಂಡುವ ಕೈಯ ಹಾಗೆ ಹಿಂಡುತ್ತವೆ. ಇವಕ್ಕೆ ಮಯೋಎಪಿಥೀಲಿಯಲ್ ಕೋಶಗಳು ಅನ್ನುತ್ತಾರೆ. ತಾಯಿಯ ಎದೆಹಾಲು ಇಳಿಯುವಾಗ ಹಿಂಡುವುದೂ ಇಂಥ ಕೋಶಗಳೇ.

ಮಿಶ್ರ ಗಂಟು ಅಂದರೇನು?

ಜೊಲ್ಲುಗ್ರಂಥಿಯ ಗಂಟುಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಇದೇ. ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕಡೆ ಗ್ರಂಥಿಯ ಕೋಶಗಳು, ಇನ್ನೊಂದು ಕಡೆ ಲೋಳೆಯಂಥ ವಸ್ತು, ಮತ್ತೊಂದು ಕಡೆ ಮೂಗಿನ ತುದಿಯಲ್ಲಿ ಇರುವಂಥ ಮೆದು ಎಲುಬು! ಜೊಲ್ಲುಗ್ರಂಥಿಯಲ್ಲಿ ಮೆದು ಎಲುಬು ಎಲ್ಲಿಂದ ಬಂತು? ಎರಡು ಬೇರೆ ಬೇರೆ ಅಂಗಾಂಶಗಳು ಒಟ್ಟಿಗೆ ಬೆಳೆದಿವೆ ಅಂತ ಹಿಂದಿನ ಕಾಲದ ವೈದ್ಯರು ತಿಳಿದಿದ್ದರು. ‘ಮಿಶ್ರ ಗಂಟು’ ಅನ್ನುವ ಹೆಸರು ಬಂದದ್ದು ಹಾಗೆ.

ಈಗಿನ ತಿಳಿವಳಿಕೆ ಬೇರೆ. ಒಂದೇ ಹಾಲಿನಿಂದ ಮೊಸರು, ಬೆಣ್ಣೆ, ತುಪ್ಪ ಆಗುವುದಿಲ್ಲವೇ? ಹಾಗೆಯೇ ಇಲ್ಲಿ ಗ್ರಂಥಿಯ ಕೋಶವೇ ರೂಪ ಬದಲಿಸುತ್ತದೆ. ಹಿಂಡುವ ಕೋಶಗಳು ತಮ್ಮ ಸುತ್ತ ಲೋಳೆ ಸುರಿಸುತ್ತವೆ, ಒಂದಕ್ಕೊಂದು ದೂರವಾಗಿ ಅದರಲ್ಲಿ ಹರಡುತ್ತವೆ, ಕೊನೆಗೆ ಮೆದು ಎಲುಬಿನ ಕೋಶಗಳಂತೆಯೇ ಆಗಿಬಿಡುತ್ತವೆ.

ಹೆಣ್ಣಿನ ಕೋಶ ಕೊಟ್ಟ ಸಾಕ್ಷಿ

ಇದನ್ನು ಹೇಗೆ ಕಂಡುಹಿಡಿದರು? ಇಲ್ಲಿ ನೆರವಾದದ್ದು ಹೆಣ್ಣಿನ ದೇಹವೇ. ನಮ್ಮ ಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿವೆ; ಒಂದು ತಾಯಿಯದು, ಒಂದು ತಂದೆಯದು. ನಾವು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಪ್ರತಿ ಕೋಶದಲ್ಲೂ ಇವೆರಡರಲ್ಲಿ ಒಂದು ಮಲಗಿಬಿಡುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಮೇರಿ ಲಯನ್ 1961ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಒಮ್ಮೆ ಮಲಗಿದ್ದು ಆ ಕೋಶದ ಮಕ್ಕಳು ಮೊಮ್ಮಕ್ಕಳಲ್ಲೂ ಮಲಗಿಯೇ ಇರುತ್ತದೆ.

ಅಂದರೆ ಹೆಣ್ಣಿನ ದೇಹ ಎರಡು ಬಣ್ಣದ ನೂಲಿನಿಂದ ನೇಯ್ದ ಸೀರೆ ಇದ್ದ ಹಾಗೆ. ಎಲ್ಲಿ ತುಂಡು ತೆಗೆದರೂ ಎರಡೂ ಬಣ್ಣ ಸಿಗಬೇಕು. ಆದರೆ 2000ದ ಸುಮಾರಿಗೆ ಹೆಂಗಸರ ಮಿಶ್ರ ಗಂಟುಗಳನ್ನು ಪರೀಕ್ಷಿಸಿದಾಗ, ಗ್ರಂಥಿಯಂಥ ಭಾಗದಲ್ಲೂ ಲೋಳೆ ಮತ್ತು ಮೆದು ಎಲುಬಿನ ಭಾಗದಲ್ಲೂ ಸಿಕ್ಕಿದ್ದು ಒಂದೇ ಬಣ್ಣ. ಎಲ್ಲವೂ ಒಂದೇ ತಾಯಿಕೋಶದ ಸಂತಾನ ಎಂಬುದಕ್ಕೆ ಇದು ಸಾಕ್ಷಿ. ಪ್ಲಾಗ್-1 ಎಂಬ ವಂಶವಾಹಿಯಲ್ಲಿ ಆಗುವ ಬದಲಾವಣೆ ಇಂಥ ಹಲವು ಗಂಟುಗಳಲ್ಲಿ ಕಂಡುಬರುತ್ತದೆ ಎಂದು 1997ರಲ್ಲೇ ಗೊತ್ತಾಗಿತ್ತು. ಹಾಗಾಗಿ ದೃಷ್ಟಿ ತಾಗಿತು, ಶಾಪ ತಟ್ಟಿತು ಅನ್ನುವ ಮಾತು ಬಿಡೋಣ. ಇದು ಅಂಟುರೋಗವೂ ಅಲ್ಲ.

ಹಾಗಾದರೆ ಯಾಕೆ ತೆಗೆಸಬೇಕು?

ಒಂದು, ಗಂಟಿನ ಕೋಶಗಳು ಉಳಿದರೆ ಮತ್ತೆ ಬೆಳೆಯಬಹುದು. ಮೇಲಿನ ಪೊರೆ ಕೆಲವು ಕಡೆ ತೆಳು, ಒಳಗೆ ಲೋಳೆ. ಗಂಟನ್ನು ಮಾತ್ರ ಗೀರಿ ತೆಗೆದರೆ ಕಣಗಳು ಚೆಲ್ಲಿ, ಹೊಲದಲ್ಲಿ ಜೇಕಿನ ಗಡ್ಡೆ ಉಳಿದ ಹಾಗೆ, ವರ್ಷಗಳ ನಂತರ ಹಲವು ಗಂಟುಗಳಾಗಿ ಏಳಬಹುದು. ಅದಕ್ಕೇ ಸುತ್ತಲಿನ ಗ್ರಂಥಿಯ ಭಾಗದ ಸಮೇತ ತೆಗೆಯುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಯೇ ಸರಿಯಾಗಿ ಆಗಬೇಕು. ಮುಖವನ್ನು ಆಡಿಸುವ ನರ ಈ ಗ್ರಂಥಿಯ ಒಳಗೇ ಹಾದುಹೋಗುವುದರಿಂದ ಅನುಭವಿ ತಜ್ಞರೇ ಮಾಡಬೇಕು.

ಎರಡು, ತಡವಾದಷ್ಟೂ ಅಪಾಯ. ಐದು ವರ್ಷದೊಳಗೆ ಇದು ಕ್ಯಾನ್ಸರ್ ಆಗುವ ಸಂಭವ ನೂರಕ್ಕೆ ಒಂದೆರಡು. 15 ವರ್ಷ ದಾಟಿದರೆ ನೂರಕ್ಕೆ ಒಂಬತ್ತು ಹತ್ತರಷ್ಟು ಎಂದು ವೈದ್ಯರು ಲೆಕ್ಕ ಹೇಳುತ್ತಾರೆ.

ಕೂಡಲೇ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು

* ಬಹಳ ದಿನದಿಂದ ಇದ್ದ ಗಂಟು ದಿಢೀರನೆ ದೊಡ್ಡದಾಗುವುದು
* ನೋವು, ಹುಣ್ಣು, ಕುತ್ತಿಗೆಯಲ್ಲಿ ಬೇರೆ ಗಡ್ಡೆಗಳು
* ಮುಖ ಒಂದು ಕಡೆ ವಾಲುವುದು, ಕಣ್ಣು ಮುಚ್ಚಲಾಗದೆ ಇರುವುದು

ಬರೆ ಹಾಕಿಸುವುದು, ಹಿಸುಕುವುದು, ಬ್ಲೇಡಿನಿಂದ ಕೊಯ್ಯಿಸುವುದು ಬೇಡವೇ ಬೇಡ.

ಆ ಸಹೋದರಿ ಆರು ವರ್ಷ ಸುಮ್ಮನಿದ್ದದ್ದು ಭಯದಿಂದ ಮಾತ್ರ ಅಲ್ಲ. "ನಾನು ಮಲಗಿದರೆ ಮನೆಗೆ ಅನ್ನ ಬೇಯಿಸುವವರು ಯಾರು?" ಅನ್ನುವುದೇ ಅವರ ಚಿಂತೆ. ಸಂಘ ಓಡಾಟದ ಖರ್ಚಿಗೆ ಸಾಲ ಕೊಟ್ಟಿತು. ಇಬ್ಬರು ಸದಸ್ಯೆಯರು ಸರದಿಯಂತೆ ಅಡುಗೆ ನೋಡಿಕೊಂಡರು. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ತುಟಿ ಸ್ವಲ್ಪ ವಾಲಿತ್ತು, ಆಮೇಲೆ ಸರಿಹೋಯಿತು. ಈಗ ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾರೆ. ಸೆರಗು ಹೆಗಲ ಮೇಲಿದೆ.

ಸಂಘದಲ್ಲಿ ಚರ್ಚಿಸೋಣ

1. ನೋವಿಲ್ಲದ ಗಂಟನ್ನು ನಾವು ಯಾಕೆ ಮುಚ್ಚಿಡುತ್ತೇವೆ?
2. ನಮ್ಮಲ್ಲಿ ಯಾರಿಗಾದರೂ ಕಿವಿಯ ಬಳಿ, ದವಡೆಯ ಕೆಳಗೆ ಅಥವಾ ಅಂಗುಳದಲ್ಲಿ ಗಂಟು ಇದೆಯೇ? ಎಷ್ಟು ವರ್ಷದಿಂದ?
3. ಸದಸ್ಯೆಯೊಬ್ಬರು ಆಸ್ಪತ್ರೆ ಸೇರಿದರೆ ಅವರ ಮನೆಗೆಲಸಕ್ಕೆ ಸಂಘ ಏನು ಏರ್ಪಾಡು ಮಾಡಬಹುದು?